ಆಪ್ಟಿಮೈಸರ್ ಮತ್ತು ಬ್ಯಾಕ್ ಎಂಡ್‌ಗಳ ಮಧ್ಯಸಂಧಿ: ಕೊಲ್ಹಾರದ ಮುಳುಗಡೆಯ ಹಿನ್ನೆಲೆಯಲ್ಲಿ ಒಂದು ಬಹುಶಿಸ್ತೀಯ ಅನುಶೀಲನ

ಪ್ರಸ್ತುತ ಅನುಶೀಲನವು ಸಂಕಲಕ-ಮೀಮಾಂಸೆಯ ಪರಿಪ್ರೇಕ್ಷ್ಯದಲ್ಲಿ ಉತ್ತಮೀಕರಣ-ಘಟಕ ಹಾಗೂ ಪೃಷ್ಠಾಂತ್ಯ-ಘಟಕಗಳ ನಡುವಣ ಸಂಧಿಸ್ಥಾನದ ತಾತ್ತ್ವಿಕ ನೆಲೆಗಟ್ಟನ್ನು ಕೃಷ್ಣಾತೀರದ ಕೊಲ್ಹಾರವೆಂಬ ಪ್ರಯೋಗಕ್ಷೇತ್ರದಲ್ಲಿ ನಿಕಷಕ್ಕೊಡ್ಡುವ ವಿನಮ್ರ ಯತ್ನವಾಗಿದೆ. ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಊಟಕ್ಕೆ ಕರೆಯುವವರೆಗೆ ಹೀಗೇ ನಡೆಯುತ್ತದೆ.

ಪೂರ್ವಪೀಠಿಕೆ. ಕಂಪೈಲರಿನ ಫ್ರಂಟ್ ಎಂಡ್ ಪ್ರೋಗ್ರಾಮನ್ನು ಓದಿ ಒಂದು ನಡುಭಾಷೆಗೆ ಇಳಿಸುತ್ತದೆ. ಆಪ್ಟಿಮೈಸರ್ ಅದನ್ನು ತಿದ್ದಿ ತೀಡಿ ಚುರುಕು ಮಾಡುತ್ತದೆ. ಬ್ಯಾಕ್ ಎಂಡ್ ಅದನ್ನು ನಿಜವಾದ ಯಂತ್ರದ ಮೇಲೆ ನಡೆಯುವಂತೆ ಮಾಡುತ್ತದೆ. ಎಲ್ಲ ಭಾಷೆಗೂ ಎಲ್ಲ ಯಂತ್ರಕ್ಕೂ ಸಲ್ಲುವ ಒಂದೇ ನಡುಭಾಷೆ ಇರಲೆಂದು 1958ರಲ್ಲಿ ಅಮೆರಿಕದವರು ಅನ್‌ಕೋಲ್ ಎಂಬುದನ್ನು ಯೋಚಿಸಿದರು, ಕೈಗೂಡಲಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಲ್‌ಎಲ್‌ವಿಎಂ ಆ ಕನಸಿನ ಹತ್ತಿರಕ್ಕೆ ಬಂತು. ಪಾಪ, ಇಬ್ಬರೂ ನಮ್ಮನ್ನು ಕೇಳಲಿಲ್ಲ. ಹೊಲ, ಮನೆ, ಗುಡಿ, ದರ್ಗಾ, ಮನುಷ್ಯ ಎಲ್ಲವನ್ನೂ ಇಳಿಸಬಲ್ಲ ನಡುಭಾಷೆ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದು ಕಡತ.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ, ಮುಂದೆ ಕೊಲ್ಹಾರವನ್ನು ಮುಳುಗಿಸಲಿದ್ದ ಅಣೆಕಟ್ಟಿಗೆ, ಶಂಕುಸ್ಥಾಪನೆ ಮಾಡಿದರು. ಆಪ್ಟಿಮೈಸರ್ ದೂರದ ರಾಜಧಾನಿಗಳ ಮೇಜುಗಳ ಮೇಲೆ ಕೂತಿತು. ಬ್ಯಾಕ್ ಎಂಡ್ ಕೊಲ್ಹಾರದಲ್ಲಿತ್ತು, ಮಡಕೆ ಮೊಸರು ಮಾರುತ್ತಿತ್ತು. ಇವೆರಡರ ನಡುವಿನ ಸಂಧಿಗಳು ಐದು ಬಗೆ.

ಒಂದು, ಸಾಂಖ್ಯಿಕ ಸಂಧಿ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಅದನ್ನು 524.256ಕ್ಕೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ದಶಾಂಶದಾಚೆ ಮೂರು ಅಂಕಿ! ಕೃಷ್ಣೆಯನ್ನು ಮಿಲಿಮೀಟರಿನಲ್ಲಿ ಅಳೆದ ಈ ಪಾಂಡಿತ್ಯಕ್ಕೆ ಅಡ್ಡಬೀಳುವ ಮೊದಲು 1,720 ಅಡಿಯನ್ನು 0.3048ರಿಂದ ಗುಣಿಸಿ ನೋಡಿ. ಕೂದಲೆಳೆ ವ್ಯತ್ಯಾಸವಿಲ್ಲದೆ 524.256 ಬರುತ್ತದೆ. ಅಡಿಯ ದುಂಡು ಅಂಕಿ ಮೀಟರಿಗಿಳಿದು ಸೂಕ್ಷ್ಮ ಜ್ಞಾನವಾಗಿ ಮೆರೆಯುತ್ತಿದೆ. ನಡುಭಾಷೆಗೆ ಬಂದ ಸಂಖ್ಯೆ ತನ್ನ ಹುಟ್ಟೂರನ್ನು ಮರೆಯುತ್ತದೆ. ಅದರ ಕೈಯಲ್ಲಿ ಬೇರೆಯವರ ಹುಟ್ಟೂರುಗಳಿವೆ.

ಎರಡು, ವಿಲೋಪಾತ್ಮಕ ಸಂಧಿ. ಫಲಿತಾಂಶವನ್ನು ಯಾರೂ ಬಳಸದ ಸಾಲನ್ನು ಆಪ್ಟಿಮೈಸರ್ ಸತ್ತ ಕೋಡ್ ಎಂದು ತೆಗೆದುಹಾಕುತ್ತದೆ. ತಪ್ಪೇನಿಲ್ಲ, ಅದರ ಧರ್ಮವೇ ಅದು. ಆದರೆ ಪ್ರೋಗ್ರಾಮಿನ ಆಚೆ ಇನ್ನೊಬ್ಬರು ಮುಟ್ಟುವ ಜಾಗಗಳೂ ಇರುತ್ತವೆ. ಸಿ ಭಾಷೆಯಲ್ಲಿ ಅಂಥ ಕಡೆ ವೊಲಟೈಲ್ ಎಂದು ಬರೆದರೆ ಸಾಕು, ಆಪ್ಟಿಮೈಸರ್ ಕೈ ಹಾಕುವುದಿಲ್ಲ. ಕಡತಕ್ಕೆ ಈ ಸೌಲಭ್ಯ ಬಂದಿಲ್ಲ. ಪಟ್ಟಾ ಇರುವ ಹೊಲ ಕಾಣುತ್ತದೆ, ಪರಿಹಾರ ಬರುತ್ತದೆ. ಯಾರ ಪಟ್ಟಾವೂ ಇಲ್ಲದ ನದಿದಂಡೆಯಲ್ಲಿ ಎಮ್ಮೆ ಮೇಯುತ್ತದೆ, ಆ ಎಮ್ಮೆಯ ಹಾಲಿನಿಂದ ಮೊಸರಾಗುತ್ತದೆ, ಆ ಮೊಸರನ್ನು ಬಸ್ಸಿನವರು ಕೊಳ್ಳುತ್ತಾರೆ. ಈ ಸರಪಳಿಯ ಮೊದಲ ಕೊಂಡಿಯ ಬೆಲೆ ಬರೆಯಲು ಯಾವ ಕಲಮೂ ಇಲ್ಲ. ಆದ್ದರಿಂದ ದಂಡೆ ಸತ್ತದ್ದು. ಸಿದ್ಧಾಂತ ಸಾಬೀತಾಯಿತು.

ಮೂರು, ಉತ್‌ಪ್ಲವನಾತ್ಮಕ ಸಂಧಿ. ನಡುಭಾಷೆಯಲ್ಲಿ ರಿಜಿಸ್ಟರ್‌ಗಳಿಗೆ, ಅಂದರೆ ಯಂತ್ರ ಕೈಯಳತೆಯಲ್ಲಿ ಅಂಕಿ ಇಟ್ಟುಕೊಳ್ಳುವ ಗೂಡುಗಳಿಗೆ, ಲೆಕ್ಕವಿಲ್ಲ, ಬೇಕಾದಷ್ಟು ಬರೆದುಕೊಳ್ಳಬಹುದು. ಯಂತ್ರಕ್ಕೆ ಇಳಿದಾಗ ಗೊತ್ತಾಗುತ್ತದೆ: ನಮ್ಮ ಸಾಮಾನ್ಯ 64 ಬಿಟ್ ಇಂಟೆಲ್ ಯಂತ್ರದಲ್ಲಿ ದಿನಬಳಕೆಗೆ ಇರುವವು ಹದಿನಾರು. ಯಾರಿಗೆ ಯಾವುದು ಎಂದು ಹಂಚಲು ಐಬಿಎಮ್‌ನ ಚೈಟಿನ್ 1981ರಲ್ಲಿ ನಕ್ಷೆಗೆ ಬಣ್ಣ ಹಚ್ಚುವ ಉಪಾಯ ಹೇಳಿದರು. ಹಿಡಿಸದವರು ಹೊರಗಿನ ಮೆಮೊರಿಗೆ ಚೆಲ್ಲಿಹೋಗುತ್ತಾರೆ. ಪುನರ್ವಸತಿ ಕೇಂದ್ರದ ನಕ್ಷೆಗೂ ಬಣ್ಣ ಹಚ್ಚಿರುತ್ತಾರೆ: ಇಲ್ಲಿ ರಸ್ತೆ, ಇಲ್ಲಿ ಸಾಲಿ, ಇಲ್ಲಿ ಪ್ಲಾಟು. ‘ಬಣವಿ ಎಲ್ಲಿ ಒಟ್ಟೂದ್ರಿ ಸಾಹೇಬ್ರ? ದನಾ ಎಲ್ಲಿ ಕಟ್ಟೂದ್ರಿ?’ ಎಂದು ಮುದುಕ ಕೇಳಿದರೆ ಸಾಹೇಬರು ನಕ್ಷೆ ತಿರುಗಿಸಿ ನೋಡುತ್ತಾರೆ. ನಕ್ಷೆಯಲ್ಲಿ ಬಣವಿಗೆ ಬಣ್ಣವಿಲ್ಲ. ದನ ಸಂತೆಗೆ ಹೋಗುತ್ತದೆ, ಮಗ ಗೋವಾಕ್ಕೆ ದುಡಿಯಲು ಹೋಗುತ್ತಾನೆ.

ನಾಲ್ಕು ಮತ್ತು ಐದನೆಯ ಬಗೆಗಳ ಹೆಸರನ್ನೂ ಇಟ್ಟುಕೊಂಡಿದ್ದೆ, ಎರಡೂ ಹತ್ತಕ್ಷರಕ್ಕಿಂತ ಉದ್ದ. ಇರಲಿ ಬಿಡಿ. ಆಟ ಸಾಕಾಯಿತು. ಹಳೆಯ ಕೊಲ್ಹಾರ ನೀರಿನ ಕೆಳಗಿದೆ. ಅದರ ಮೇಲೆ ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯ ಉದ್ದನೆಯ ಸೇತುವೆ ದಾಟುವವರು ಹಿನ್ನೀರಿನ ಎದುರು ಫೋಟೋ ಹೊಡೆದುಕೊಳ್ಳುತ್ತಾರೆ. ಅಣೆಕಟ್ಟು ಬೇಡವಿತ್ತೆಂದು ಹೇಳುತ್ತಿಲ್ಲ. ಬರಗಾಲದ ಜಿಲ್ಲೆಯಲ್ಲಿ ಹುಟ್ಟಿದವರು ಯಾರೂ ಅದನ್ನು ಹೇಳಲಾರರು. ಇಂಡಿ, ಸಿಂದಗಿಯ ಎರಿ ಹೊಲಕ್ಕೆ ಕಾಲುವೆ ನೀರು ಬೇಕೇ ಬೇಕು. ಆದರೆ ಊರನ್ನೇ ಕೊಟ್ಟವರು ಕಚೇರಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಕ್ಕುಪತ್ರ ಹಿಡಿದು ಯಾಕೆ ನಿಲ್ಲಬೇಕು? ಕೊಟ್ಟವರಿಗೆ ‘ಸಂತ್ರಸ್ತರು’ ಎಂದು ಹೆಸರಿಟ್ಟು, ಅವರ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದು, ಅದೇ ವಿಷಯದ ಮೇಲೆ ಸಂಕಿರಣ ನಡೆಸಿ ಶಾಲು ಹೊದಿಸಿಕೊಳ್ಳುವ ನಾಚಿಕೆಗೇಡಿತನಕ್ಕೆ ಯಾವ ಪರಿಪ್ರೇಕ್ಷ್ಯ ಸಾಕಾದೀತು?

ಎಲ್‌ಎಲ್‌ವಿಎಂ ಕಟ್ಟಿದವರು ಸಂಧಿಯನ್ನು ಒಂದೇ ದಿಕ್ಕಿನದಾಗಿ ಬಿಡಲಿಲ್ಲ. ಲೂಪೊಂದನ್ನು ವೆಕ್ಟರ್ ಮಾಡುವ, ಅಂದರೆ ಅದರ ಹಲವು ಸುತ್ತುಗಳನ್ನು ಒಟ್ಟಿಗೇ ನಡೆಸುವ, ಮೊದಲು ಆಪ್ಟಿಮೈಸರ್ ತಗ್ಗಿ ಬ್ಯಾಕ್ ಎಂಡನ್ನು ಕೇಳುತ್ತದೆ: ನಾನು ಹೀಗೆ ಮಾಡಿದರೆ ನಿನಗೆ ಎಷ್ಟು ಬೀಳುತ್ತದೆ? ಯಂತ್ರ ಗೊತ್ತಿರುವುದು ಬ್ಯಾಕ್ ಎಂಡಿಗೆ, ಆದ್ದರಿಂದ ಬೆಲೆ ಹೇಳುವುದೂ ಅದೇ.

ಆಲಮಟ್ಟಿಯ ಎತ್ತರ ಇನ್ನೂ ಏರಿಸುವ ಮಾತಿದೆ, ಏರಿದರೆ ಇನ್ನಷ್ಟು ಊರುಗಳು ನೀರಿಗೆ ಹೋಗುತ್ತವೆ. ಗೇಟು ಇಳಿಸುವ ಮೊದಲೇ ಮೇಜಿನವರು ಆ ಊರುಗಳಿಗೆ ಬಂದು ಕಟ್ಟೆಯ ಮೇಲೆ ಕೂಡಲಿ. ಎಮ್ಮೆ ಎಲ್ಲಿ ಮೇಯುತ್ತವೆ, ಬಣವಿ ಎಲ್ಲಿ ಒಟ್ಟುತ್ತೀರಿ, ಯಾವ ಬಾವಿಯ ನೀರು ಸಿಹಿ, ಸತ್ತವರನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿ ಬರೆದುಕೊಳ್ಳಲಿ. ಬೆಲೆ ಕೇಳಿದ ಮೇಲೆ ಎಲ್‌ಎಲ್‌ವಿಎಂ ಎಷ್ಟೋ ಸಲ ಆ ಬದಲಾವಣೆಯನ್ನೇ ಕೈಬಿಡುತ್ತದೆ. ಅದಕ್ಕೂ ನಮೂನೆಯಲ್ಲಿ ಒಂದು ಕಲಂ ಇರಲಿ.