ನೀವ್ ಮೊದ್ಲ್ ಮಾರ್ರೆ!

ಕೋಟೇಶ್ವರದ ಅಣ್ಣಯ್ಯನವರಿಗೆ ಹಾರ್ನ್ ಒತ್ತುವ ಅಭ್ಯಾಸವಿಲ್ಲ. ಗಾಜು ಇಳಿಸಿ, ತಲೆ ಹೊರಗೆ ಹಾಕಿ "ಹ್ವಾಯ್!" ಎಂದರೆ ಅದೇ ಅವರ ಹಾರ್ನ್. ಅರವತ್ತು ದಾಟಿದ ಪ್ರಾಯ, ಬಿಳಿ ಪಂಚೆ, ಮುಂಬೈಯ ಹೋಟೆಲನ್ನು ಮಗನಿಗೆ ಒಪ್ಪಿಸಿ ಬಂದ ಮೇಲೆ ಕೊಂಡ ಬಿಳಿ ಕಾರು. ಇವರನ್ನು ನೀವು ಕಂಡಿದ್ದೀರಿ. ಇವರ ಹಿಂದೆ ಸಿಕ್ಕಿಹಾಕಿಕೊಂಡೂ ಇದ್ದೀರಿ.

ಕಾನೂನು ಸರಳವಾಗಿದೆ. 1989ರಲ್ಲಿ ಬಂದು 2017ರಲ್ಲಿ ಹೊಸ ಅಂಗಿ ತೊಟ್ಟ ಚಾಲನಾ ನಿಯಮಗಳ ಪ್ರಕಾರ, ಪೊಲೀಸರಾಗಲೀ ಸಿಗ್ನಲ್ ಆಗಲೀ ಇಲ್ಲದ ಕೂಡುರಸ್ತೆಯಲ್ಲಿ ಅಡ್ಡರಸ್ತೆಯಿಂದ ಬಂದವನು ಮುಖ್ಯರಸ್ತೆಯವನಿಗೆ ದಾರಿ ಬಿಡಬೇಕು. ಮುಖ್ಯ, ಅಡ್ಡ ಎಂಬ ಭೇದವಿಲ್ಲದಲ್ಲಿ ಬಲಗಡೆಯಿಂದ ಬಂದವನು ಮೊದಲು. ಅಂದರೆ ಕಾನೂನಿಗೆ ಗಾಡಿ ಎತ್ತಣಿಂದ ಬಂತೆಂಬುದಷ್ಟೇ ಬೇಕು, ಒಳಗೆ ಕೂತವರು ಯಾರೆಂದು ಅದು ಬಗ್ಗಿ ನೋಡುವುದಿಲ್ಲ.

ಅಣ್ಣಯ್ಯ ಬಗ್ಗಿ ನೋಡುತ್ತಾರೆ. ಪುರೋಹಿತರ ಸ್ಕೂಟರ್ ಹಾಲಾಡಿ ರಸ್ತೆಯಿಂದ ಮೂತಿ ಹೊರಹಾಕಿದರೆ ಸಾಕು, ನಡುರಸ್ತೆಯಲ್ಲೇ ಬ್ರೇಕ್. ಬೀಗರು, ಕಲಿಸಿದ ಮೇಷ್ಟ್ರು, ಸೊಸೈಟಿ ಸೆಕ್ರೆಟರಿ, ಮೇಳದ ಭಾಗವತರು, ಎಲ್ಲರಿಗೂ ಅವರವರ ಯೋಗ್ಯತೆಗೆ ತಕ್ಕ ಬ್ರೇಕ್. ಮೀನಿನ ಟೆಂಪೋಗೂ ನಿಲ್ಲುತ್ತಾರೆ, ಆದರೆ ಅದು ಮರ್ಯಾದೆಗಲ್ಲ, ಬಂಗುಡೆಯ ರೇಟು ಕೇಳುವುದಕ್ಕೆ. ಕುಂದಾಪುರದ ಕೋರ್ಟಿನಲ್ಲಿ ಇವರೊಡನೆ ಅಗಳಿನ ತಕರಾರು ಹೂಡಿರುವ ನೆರೆಮನೆಯವರಿಗೆ ಮಾತ್ರ ಯಾವ ದಿಕ್ಕಿನಿಂದ ಬಂದರೂ ದಾರಿಯಿಲ್ಲ.

"ಹಿಂದೆ ಅಷ್ಟ್ ಗಾಡಿ ನಿಂತಿತ್ತಲ್ದಾ?" ಎಂದು ಯಾರಾದರೂ ಕೇಳಿದರೆ, "ಅವ್ರ್ ಯಾರ್ ಗೊತ್ತಿತ್ತಾ? ನನ್ ಮಗಳ ಮಾವನ್ ತಮ್ಮ. ನಾಳಿ ಮುಖ ಕಾಂಬುಕೆ ಆತ್ತಾ?" ಎನ್ನುತ್ತಾರೆ. ಇದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಉತ್ತರವಿಲ್ಲ.

ವೃತ್ತಗಳಲ್ಲಿ ಅವರ ಔದಾರ್ಯ ಇನ್ನೂ ಅಪಾಯಕಾರಿ. ಒಳಗೆ ಸುತ್ತುತ್ತಿರುವ ಗಾಡಿಗೆ ಆದ್ಯತೆ, ಹೊರಗಿನವರು ಕಾಯಬೇಕು ಎಂಬುದು ನಿಯಮ. ಅಣ್ಣಯ್ಯ ಒಳಗೆ ಹೊಕ್ಕು, ಅಲ್ಲಿ ನಿಂತು, ಹೊರಗಿನವರನ್ನು ಕೈಬೀಸಿ ಕರೆಯುತ್ತಾರೆ. ಮನೆಯೊಳಗಿದ್ದವರು ಜಗಲಿಯಲ್ಲಿ ನಿಂತವರನ್ನು ಬನ್ನಿ ಅನ್ನಬೇಡವೇ?

ಆಂಬುಲೆನ್ಸ್ ವಿಷಯದಲ್ಲಿ ಮಾತ್ರ ಅವರಿಗೆ ಪೂರ್ತಿ ಅಂಕ ಕೊಡಬೇಕು. ಬೈಂದೂರು ಕಡೆಯಿಂದ ಮಣಿಪಾಲಕ್ಕೆ ಧಾವಿಸುವ ಸೈರನ್ ಕೇಳಿದ್ದೇ ತಡ, ಕಾರು ಹೆದ್ದಾರಿ 66ರ ಅಂಚಿಗೆ ಇಳಿದಿರುತ್ತದೆ. ದಾರಿ ಬಿಡದವರಿಗೆ 2019ರ ತಿದ್ದುಪಡಿ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಹೇಳುತ್ತದೆ, ಇವರಿಗೆ ಅದು ತಿಳಿದೂ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಆಮೇಲೆ ಕಾರು ಅಂಚಿನಿಂದ ಮೇಲೆ ಬರುವುದಿಲ್ಲ. ಒಳಗಿದ್ದವರು ಯಾರೆಂದು ತಿಳಿಯಬೇಕಲ್ಲ. ನಾಲ್ಕು ಫೋನು ಆಗುತ್ತದೆ.

ಕೊಡಿ ಹಬ್ಬದ ದಿನ ಅಣ್ಣಯ್ಯ ಧನ್ಯರು. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ತೇರು ಹೊರಟ ಮೇಲೆ ಯಾರು ಮೊದಲು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊಸ ಜೋಡಿಗಳು ಕಬ್ಬಿನ ಕೊಡಿ ಹಿಡಿದು ಮರಳುವಾಗ, ಬೈಕಿನ ಹಿಂದೆ ಕೂತ ಮದುಮಗಳು ಕಬ್ಬನ್ನು ಅಡ್ಡಡ್ಡ ಹಿಡಿದು ರಸ್ತೆಯ ಎರಡು ಬದಿಯನ್ನೂ ಗುಡಿಸುತ್ತಾಳೆ. ಕಾರು ನಿಲ್ಲಿಸಿ, ಮದುಮಗಳು ಯಾರ ಮನೆಯವಳೆಂದು ವಿಚಾರಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ನಿಜವಾದ ಸಂಕಟ, ಒಬ್ಬ ಅಣ್ಣಯ್ಯನಿಗೆ ಇನ್ನೊಬ್ಬ ಅಣ್ಣಯ್ಯ ಎದುರಾದಾಗ. ಇಬ್ಬರೂ ಒಂದೇ ಮದುವೆಯ ಊಟಕ್ಕೆ ಹೊರಟವರು.

"ನೀವ್ ಮೊದ್ಲ್ ಮಾರ್ರೆ!"

"ಇಲ್ಲ ಇಲ್ಲ, ನೀವ್ ಮೊದ್ಲ್. ನಂಗೆಂತ ಅರ್ಜೆಂಟ್ ಇತ್ತ್?"

ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಒಟ್ಟಿಗೆ ಬ್ರೇಕ್ ಹಾಕುತ್ತಾರೆ, ಒಟ್ಟಿಗೆ ಕೈಮುಗಿಯುತ್ತಾರೆ. ಹಿಂದಿನ ಸಾಲು ಬೆಳೆಯುತ್ತದೆ. ಟೈಮಿಂಗ್ ತಪ್ಪಿದ ಖಾಸಗಿ ಬಸ್ಸಿನ ಕಂಡಕ್ಟರ್ ಕೆಳಗೆ ಹಾರಿ ಸೀಟಿ ಊದುತ್ತಾನೆ. ಬಸ್ಸು ಎಡಗಡೆಯ ಮಣ್ಣಿಗಿಳಿದು, ಕನ್ನಡಿ ಸವರಿಕೊಂಡು, ಇಬ್ಬರಿಗೂ ಧೂಳು ಎರಚಿ ಮುಂದೆ ನುಗ್ಗುತ್ತದೆ.

ಅಣ್ಣಯ್ಯ ಕಂಡಕ್ಟರನನ್ನು ತಡೆಯುತ್ತಾರೆ. "ಆ ಡ್ರೈವರ್ ಯಾರ ಮಗ?"

"ನಿಮ್ ಪೈಕಿಯವ್ರೇ ಅಂಬ್ರಪ್ಪ."

"ಹೌದಾ? ಹಂಗಾರೆ ಹೋಗ್ಲಿ."