ವಿಭಾಗಶಾಸ್ತ್ರ ಪ್ರವೇಶಿಕೆ

ಕಂಪ್ಯೂಟರ್ ಸೈನ್ಸ್ ವಿಭಾಗವೆಂಬ ಪದಾರ್ಥದ ಉತ್ಪತ್ತಿಯ ಬಗ್ಗೆ ಪಂಡಿತರಲ್ಲಿ ಹೆಚ್ಚು ಜಗಳವಿಲ್ಲ. 1962ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆ ದೇಶದ ಮೊದಲ ವಿಭಾಗ ಹುಟ್ಟಿತು. ಮರುವರ್ಷ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದಿಳಿಯಿತು. ಇವು ಕೃತಯುಗದ ಸಂಗತಿಗಳು. ಆಗ ಯಂತ್ರ ಒಂದು, ಕಲಿಯುವ ಕಾತರ ನೂರು, ಫೈಲು ಅತ್ಯಲ್ಪ. ಪ್ರಸ್ತುತ ಪ್ರಬಂಧದ ವಿಚಾರವಸ್ತು ಕಲಿಯುಗ. ಅಂದರೆ 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಛತ್ರದಡಿ ಸೇರಿದ ಮೇಲಿನ ಕಾಲ.

ಮೊದಲು ಪೂರ್ವಪಕ್ಷ. ವಿಭಾಗ ಇರುವುದು ಪಾಠ ಹೇಳಲಿಕ್ಕೆ ಎಂದು ಕೆಲವು ಮುಗ್ಧರು, ಮುಖ್ಯವಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯಕ ಪ್ರಾಧ್ಯಾಪಕರು, ವಾದಿಸುತ್ತಾರೆ. ಈ ವಾದ ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ತಾನಾಗಿಯೇ ಬಿದ್ದುಹೋಗುತ್ತದೆ. ಸಿದ್ಧಾಂತ ಹೀಗಿದೆ: ವಿಭಾಗ ಇರುವುದು ಪಾಠವಾಯಿತೆಂದು ಸಾಬೀತು ಮಾಡಲಿಕ್ಕೆ. ಪಾಠ ಇದಕ್ಕೆ ಅಡ್ಡಿಯೇನಲ್ಲ, ಆದರೆ ಅಗತ್ಯವೂ ಅಲ್ಲ.

ಸಾಬೀತು ಎಂದ ಮೇಲೆ ಪ್ರಮಾಣವಿಚಾರ ಬರಲೇಬೇಕು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ವಿಭಾಗಶಾಸ್ತ್ರದಲ್ಲಿ ಪ್ರತ್ಯಕ್ಷ ತೀರಾ ದುರ್ಬಲ. ಹುಡುಗನಿಗೆ ಪಾಯಿಂಟರ್ ಅರ್ಥವಾದದ್ದನ್ನು ಮೇಡಂ ಕಣ್ಣಾರೆ ಕಂಡರೂ ಅದಕ್ಕೆ ಬೆಲೆಯಿಲ್ಲ. ಹುಡುಗಿಯ ಪ್ರೋಗ್ರಾಂ ಓಡುತ್ತಿದೆ, ಆದ್ದರಿಂದ ಅವಳು ಕಲಿತಿದ್ದಾಳೆ ಎಂಬ ಅನುಮಾನವೂ ನಿಲ್ಲದು, ಏಕೆಂದರೆ ಪಕ್ಕದ ಸಿಸ್ಟಂನಲ್ಲೂ ಅದೇ ಪ್ರೋಗ್ರಾಂ, ಅದೇ ಕಾಗುಣಿತ ತಪ್ಪಿನೊಂದಿಗೆ, ಓಡುತ್ತಿರುತ್ತದೆ. ಶಬ್ದಕ್ಕೆ ಮಾನ್ಯತೆಯುಂಟು, ಗೂಗಲ್ ಫಾರ್ಮಿನಲ್ಲಿ ತುಂಬಿಸಿದ್ದರೆ. ಈ ಎಲ್ಲವನ್ನೂ ಸೋಲಿಸುವ ಐದನೆಯ ಪ್ರಮಾಣವೊಂದನ್ನು ಈಚಿನ ಆಚಾರ್ಯರು ಕಂಡುಹಿಡಿದಿದ್ದಾರೆ. ಅದೇ ಜಿಯೋಟ್ಯಾಗ್ ಫೋಟೊ. ಅಕ್ಷಾಂಶ, ರೇಖಾಂಶ, ತಾರೀಖು, ಸಮಯ ನಾಲ್ಕೂ ಮೂಡಿದ ಚಿತ್ರದಲ್ಲಿ ರಿಸೋರ್ಸ್ ಪರ್ಸನ್ನಿನ ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಬಿದ್ದಿದ್ದರೆ ಕಾರ್ಯಾಗಾರ ನಡೆಯಿತೆಂದೇ ಅರ್ಥ. ಹಾರ ಹಾಕಿದ ಮೇಲೆ ಅವರು ಮಾತಾಡಿದರೇ ಎಂಬುದು ಅಪ್ರಸ್ತುತ.

ಇನ್ನು ಫಲವಿಚಾರ. 2014ರಲ್ಲಿ ಭಾರತ, ಇಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಯ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾಯಿತು. ಅಂದಿನಿಂದ ವಿದ್ಯಾರ್ಥಿಗೆ ಏನು ಕಲಿಸಿದಿರಿ ಎಂದು ಕೇಳುವ ಪದ್ಧತಿ ಹಿಂದೆ ಸರಿದು, ಅವನಲ್ಲಿ ಯಾವ ಪರಿಣಾಮ ಉಂಟಾಯಿತು ಎಂದು ಕೇಳುವ ಪದ್ಧತಿ ಬಲವಾಯಿತು. ಪ್ರತಿ ವಿಷಯಕ್ಕೂ ನಾಲ್ಕೈದು ಕೋರ್ಸ್ ಔಟ್‌ಕಮ್‌ಗಳು, ಇಡೀ ಪದವಿಗೆ 12 ಪ್ರೋಗ್ರಾಂ ಔಟ್‌ಕಮ್‌ಗಳು. ಎರಡನ್ನೂ ಕೋಷ್ಟಕದಲ್ಲಿ ಎದುರುಬದುರು ಕೂರಿಸಿ 1, 2, 3 ಎಂದು ಅಂಕೆ ತುಂಬಬೇಕು. ಹಳ್ಳಿಯ ಜೋಯಿಸರು ಗಣಕೂಟ ನೋಡುವಾಗ ಇದಕ್ಕಿಂತ ಹೆಚ್ಚು ಯೋಚಿಸುತ್ತಾರೆ. ಈಚೆಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯವರು 12 ಇದ್ದದ್ದನ್ನು 11ಕ್ಕೆ ಇಳಿಸಿದರು. ಸಮಾಜ ಮತ್ತು ಪರಿಸರ ಇವೆರಡನ್ನೂ ಸೇರಿಸಿ ಇಂಜಿನಿಯರ್ ಮತ್ತು ಜಗತ್ತು ಎಂದು ಒಂದೇ ಮಾಡಿದರು. ಒಂದು ಕಾಲಂ ಉಳಿದದ್ದಕ್ಕೆ ಸಂತೋಷಪಟ್ಟವರುಂಟು. ಹಳೆಯ ಎಕ್ಸೆಲ್ ಹಾಳೆಗಳ ಸೂತ್ರಗಳೆಲ್ಲ ಒಂದು ಮನೆ ಎಡಕ್ಕೆ ಸರಿದದ್ದು ಅವರಿಗೆ ಆಮೇಲೆ ತಿಳಿಯಿತು.

ಈ ಕೋಷ್ಟಕದಿಂದ ಯಾವ ವಿಷಯಕ್ಕೂ ಬಿಡುಗಡೆಯಿಲ್ಲ. ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಎಂಬ ಪತ್ರಿಕೆಗಳೂ ಪಠ್ಯಕ್ರಮದಲ್ಲಿವೆ; ಟೈಮ್‌ಟೇಬಲ್ಲಿನಲ್ಲಿ ಅವಕ್ಕೆ ಸಾಮಾನ್ಯವಾಗಿ ಮಧ್ಯಾಹ್ನದ ಕೊನೆಯ ಗಂಟೆ ಮೀಸಲು. ಇಲ್ಲೊಂದು ಸಂವಾದವನ್ನು ಉದಾಹರಿಸಬಹುದು.

"ಸಾರ್, ವಚನ ಪಾಠಕ್ಕೆ ಆಧುನಿಕ ಉಪಕರಣಗಳ ಬಳಕೆ ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿ ಏನು ಬರೀಲಿ?"

"ಪ್ರೊಜೆಕ್ಟರ್ ಹಾಕಿದ್ರಾ ಮೇಡಂ?"

"ಕೆಟ್ಟಿತ್ತು ಸಾರ್."

"ಹಾಗಾದ್ರೆ ಒಂದು ಹಾಕಿ. ಸರಿ ಇದ್ದಿದ್ರೆ ಎರಡು ಹಾಕಬಹುದಿತ್ತು."

ಪ್ರಶ್ನೆಪತ್ರಿಕೆಯ ಮೀಮಾಂಸೆ ಇದಕ್ಕಿಂತ ಸೂಕ್ಷ್ಮ. ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ಹೇಳಿದ. ಅದನ್ನು ನಮ್ಮ ಪದ್ಧತಿ ಕ್ರಿಯಾಪದಗಳ ಪಟ್ಟಿಯಾಗಿ ಸ್ವೀಕರಿಸಿದೆ. 'ಸ್ಟ್ಯಾಕ್ ಎಂದರೇನು?' ಎಂದು ಕೇಳಿದರೆ ಕೆಳಗಿನ ಮೆಟ್ಟಿಲು. ಪರಿಶೀಲನಾ ಸಮಿತಿ ವಾಪಸು ಕಳಿಸುತ್ತದೆ. 'ಸ್ಟ್ಯಾಕ್ ಎಂದರೇನೆಂಬುದನ್ನು ವಿಶ್ಲೇಷಿಸಿ' ಎಂದರೆ ನಾಲ್ಕನೆಯದು. ಉತ್ತರ ಎರಡಕ್ಕೂ ಅದೇ ಮೂರು ಸಾಲು, ಅಂಕ ಮಾತ್ರ ಎರಡರಿಂದ ಹತ್ತಕ್ಕೆ ಏರುತ್ತದೆ.

ಕೊನೆಗೆ ಇಂಟರ್ನಲ್ಸು, ಅಸೈನ್‌ಮೆಂಟು, ಪರೀಕ್ಷೆ ಎಲ್ಲ ಕೂಡಿಸಿ 3ಕ್ಕೆ ಎಷ್ಟು ಸಾಧನೆಯಾಯಿತೆಂದು ಲೆಕ್ಕ ಹಾಕುತ್ತಾರೆ. ಗುರಿ ಮೀರಿದರೆ ಗುರಿ ಏರಿಸಬೇಕು, ಮುಟ್ಟದಿದ್ದರೆ ಸುಧಾರಣಾ ಯೋಜನೆ ಬರೆಯಬೇಕು. ಅನುಭವಿಗಳು ಮೊದಲ ವರ್ಷ ಗುರಿಗಿಂತ ಕೂದಲೆಳೆಯಷ್ಟು ಕೆಳಗೆ, ಮರುವರ್ಷ ಕೂದಲೆಳೆಯಷ್ಟು ಮೇಲೆ ಬರುವಂತೆ ನೋಡಿಕೊಳ್ಳುತ್ತಾರೆ. ಕರ್ಮ ಮೊದಲು, ಫಲ ಆಮೇಲೆ ಎಂದ ಮೀಮಾಂಸಕ ಜೈಮಿನಿಗೆ ಎಕ್ಸೆಲ್ ಗೊತ್ತಿರಲಿಲ್ಲ. ಇಲ್ಲಿ ಫಲವನ್ನು ಮೊದಲು ನಿಶ್ಚಯಿಸಿ ಕರ್ಮವನ್ನು ಅದಕ್ಕೆ ಹೊಂದಿಸುತ್ತಾರೆ.

ಭೇದವಿಚಾರಕ್ಕೆ ಬರೋಣ. ಒಂದಾನೊಂದು ಕಾಲದಲ್ಲಿ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಎಂದು ಎರಡೇ ಇದ್ದವು. ಈಗ ಅದೇ ಕಾಂಡದಿಂದ ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ, ಬಿಸಿನೆಸ್ ಸಿಸ್ಟಮ್ಸ್, ಡಿಸೈನ್ ಮುಂತಾದ ಕೊಂಬೆಗಳು ಒಡೆದಿವೆ. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟಿನ ಮೇಲ್ಮಿತಿಯನ್ನು ಎಐಸಿಟಿಇ 2024–25ರಿಂದ ತೆಗೆದದ್ದೇ ತಡ, ಸಿವಿಲ್ಲು, ಮೆಕ್ಯಾನಿಕಲ್ಲಿನ ಸೀಟುಗಳು ಕರಗಿ ಈ ಕೊಂಬೆಗಳಿಗೆ ಹರಿದವು. ಲೇತ್ ಮೆಷಿನ್ನಿನ ಪಕ್ಕದಲ್ಲಿ ನಿಂತು ಇಪ್ಪತ್ತು ವರ್ಷ ಎಣ್ಣೆ ಕೈ ಮಾಡಿಕೊಂಡ ಮೇಷ್ಟ್ರು ಎಫ್‌ಡಿಪಿ ಎಂಬ ಒಂದು ವಾರದ ಅಧ್ಯಾಪಕ ತರಬೇತಿ ಮುಗಿಸಿ ಪೈಥಾನ್ ಪಾಠಕ್ಕೆ ನಿಂತರು. (ಇವರಲ್ಲಿ ಕೆಲವರು ನಮ್ಮವರಿಗಿಂತ ಚೆನ್ನಾಗಿ ಹೇಳುತ್ತಾರೆ, ಕಾರಣ, ಅವರಿಗೆ ಅರ್ಥವಾಗದೆ ಮುಂದೆ ಹೋಗುವ ಅಭ್ಯಾಸವಿಲ್ಲ.) ಈ ಕೊಂಬೆಗಳಲ್ಲಿ ಪರಸ್ಪರ ಭೇದವುಂಟೇ? ಉಡುಪಿಯವರೂ ಶೃಂಗೇರಿಯವರೂ ಇಲ್ಲಿ ರಾಜಿಯಾಗಬಹುದು: ಕಾಲೇಜಿನ ಜಾಹೀರಾತಿನಲ್ಲಿ ದ್ವೈತ, ಟೈಮ್‌ಟೇಬಲ್ಲಿನಲ್ಲಿ ಅದ್ವೈತ. ನಾಲ್ಕು ವಿಭಾಗಕ್ಕೂ ಡೇಟಾ ಸ್ಟ್ರಕ್ಚರ್ಸ್ ಹೇಳುವವರು ಅದೇ ಒಬ್ಬರು.

ಅಧ್ಯಾಪಕರ ವಿಚಾರ ಚುಟುಕಾಗಿ ಮುಗಿಸಬಹುದು. ಇಪ್ಪತ್ತು ವಿದ್ಯಾರ್ಥಿಗೆ ಒಬ್ಬರು. ಅವರಲ್ಲಿ ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ 1:2:6ರಂತೆ. ಆರರಲ್ಲಿರುವವರು ಉಳಿದ ಮೂವರ ಫೈಲನ್ನೂ ಬರೆಯುತ್ತಾರೆ.

ವಿದ್ಯಾರ್ಥಿ ಎಂಬವನು ಯುಎಸ್‌ಎನ್ ಎಂಬ ಹತ್ತು ಅಕ್ಷರಾಂಕಗಳ ನೋಂದಣಿ ಸಂಖ್ಯೆ: ವಲಯಕ್ಕೆ ಒಂದು, ಕಾಲೇಜಿಗೆ ಎರಡು, ಸೇರಿದ ವರ್ಷಕ್ಕೆ ಎರಡು, ಬ್ರಾಂಚಿಗೆ ಎರಡು, ಉಳಿದ ಮೂರು ಅವನದೇ. ಅವನ ಹಾಜರಿ ಶೇ. 85 ಇರಬೇಕು; ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಅದಕ್ಕಾಗಿ ಗಿಡ ನೆಟ್ಟು ಅದರ ಪಕ್ಕ ನಿಂತು ಮೇಲೆ ಹೇಳಿದ ಐದನೆಯ ಪ್ರಮಾಣವನ್ನು ಒದಗಿಸಬೇಕು. 2015, 2017, 2018, 2021, 2022 ಹೀಗೆ ಸ್ಕೀಮುಗಳು ಬದಲಾಗುತ್ತಿರುವುದರಿಂದ ಬ್ಯಾಕ್‌ಲಾಗ್ ಉಳಿಸಿಕೊಂಡವನು ವಿಭಾಗದಲ್ಲಿ ಹಿಂದಿನ ಮನ್ವಂತರದ ಜೀವಿಯಂತೆ ಅಲೆಯುತ್ತಾನೆ. ಅವನ ಪಠ್ಯಕ್ರಮ ನೆನಪಿರುವುದು ಗುಮಾಸ್ತರೊಬ್ಬರಿಗೆ ಮಾತ್ರ.

ಲ್ಯಾಬಿನಲ್ಲಿ ವಿಧಿಯದೇ ಆಳ್ವಿಕೆ. ಪರೀಕ್ಷೆಯ ದಿನ ಚೀಟಿ ಎತ್ತಿದರೆ ಬಂದ ಪ್ರೋಗ್ರಾಂ ಬರೆಯಬೇಕು. ಬೇಡವೆಂದರೆ ಒಮ್ಮೆ ಬದಲಿಸಬಹುದು, ಪ್ರೊಸೀಜರ್ ಅಂಕ ಸೊನ್ನೆ. ಟರ್ಬೊ ಸಿಯ ನೀಲಿ ಪರದೆ 1990ರ ಆಸುಪಾಸಿನದು. ಆದರೂ ಕೆಲವು ಕಡೆ ಇನ್ನೂ ಪೂಜೆಗೊಳ್ಳುತ್ತಿದೆ. ಜಗತ್ತಿನ ಬೇರಾವ ಕಂಪೈಲರೂ ಬೇಡದ ಕೊನಿಯೊ ಹೆಡರನ್ನು ಮೊದಲ ಸಾಲಿನಲ್ಲಿ ಬರೆಯುವುದು ನಮ್ಮಲ್ಲಿ ಗಣೇಶಸ್ತುತಿ. ರೆಕಾರ್ಡ್ ಪುಸ್ತಕದಲ್ಲಿ ಔಟ್‌ಪುಟ್ ಮೊದಲು ಅಂಟಿಸಿ ಪ್ರೋಗ್ರಾಂ ಆಮೇಲೆ ಬರೆದವರೂ ಇದ್ದಾರೆ. ಜೈಮಿನಿ ಇಲ್ಲೂ ಸೋತ.

ಮಾನ್ಯತಾ ಸಮಿತಿ ಬರುವ ಮೂರು ದಿನಗಳೇ ವಿಭಾಗದ ಮಹಾಮಸ್ತಕಾಭಿಷೇಕ. ಹೂಕುಂಡ ಬಾಡಿಗೆಗೆ ಬರುತ್ತವೆ, ಹಳೆಯ ವಿದ್ಯಾರ್ಥಿಗಳು ರಜೆ ಹಾಕಿ ಬರುತ್ತಾರೆ. ವಿಭಾಗದ ವಿಷನ್ ಏನು ಎಂದು ಯಾರನ್ನು ಬೇಕಾದರೂ ಕೇಳಬಹುದು. ಎಚ್‌ಒಡಿ ನಡುವೆ ತೊದಲುತ್ತಾರೆ. ತಪ್ಪಿಲ್ಲದೆ ಒಪ್ಪಿಸುವವರು ಅಟೆಂಡರ್, ಏಕೆಂದರೆ ಆ ಫಲಕದ ಧೂಳನ್ನು ದಿನವೂ ಒರೆಸುವವರು ಅವರೊಬ್ಬರೇ.

ಇಲ್ಲಿ ಪ್ರತಿವಾದಿ ಒಂದು ತೊಡಕಿನ ಪ್ರಶ್ನೆ ಎತ್ತುತ್ತಾನೆ: ಇಷ್ಟೆಲ್ಲ ಇದ್ದೂ ಕೆಲವು ಹುಡುಗರು ನಿಜವಾಗಿ ಕಲಿತು ಹೊರಬೀಳುತ್ತಾರಲ್ಲ, ಅದು ಹೇಗೆ? ಸಂಗತಿ ನಿಜ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ರಾತ್ರಿ ಎರಡರವರೆಗೆ ರಿಕರ್ಷನ್ ಬಿಡಿಸಿ ಹೇಳಿದ್ದಾನೆ. ಲ್ಯಾಬ್ ಮುಗಿದ ಮೇಲೂ ಬೀಗ ಹಾಕದೆ ಕೂತ ಇನ್‌ಸ್ಟ್ರಕ್ಟರ್ ಒಬ್ಬರು ಲಿನಕ್ಸ್ ತೋರಿಸಿದ್ದಾರೆ. ಮೇಷ್ಟ್ರೊಬ್ಬರು ಸಿಲಬಸ್ಸಿನಲ್ಲಿಲ್ಲದ್ದನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಎಚ್‌ಒಡಿ ಬರುವುದರೊಳಗೆ ಅಳಿಸಿದ್ದಾರೆ. ಆದರೆ ಇವುಗಳಲ್ಲಿ ಯಾವುದಕ್ಕೂ ಫೋಟೊ ಇಲ್ಲ, ಸಹಿಯಿಲ್ಲ, ಔಟ್‌ಕಮ್ ಸಂಖ್ಯೆಯಿಲ್ಲ. ಪ್ರಮಾಣವಿಲ್ಲದ್ದು ಅಸತ್ತು. ಆದ್ದರಿಂದ ಕಲಿಕೆಯನ್ನು ಈ ಶಾಸ್ತ್ರದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಕೊನೆಯದು ಡೆಡ್ ಸ್ಟಾಕ್. ಹಳೆಯ ಡಬ್ಬದಂಥ ಮಾನಿಟರುಗಳು, ಹೊಟ್ಟೆಯುಬ್ಬಿದ ಯುಪಿಎಸ್ ಬ್ಯಾಟರಿಗಳು, ಬಾಲ ತುಂಡಾದ ಮೌಸುಗಳು ಸ್ಟೋರ್ ರೂಮಿನಲ್ಲಿರುತ್ತವೆ. ಗುಜರಿಗೆ ಹಾಕುವಂತಿಲ್ಲ, ರಿಜಿಸ್ಟರಿನಲ್ಲಿ ಅವು ಇನ್ನೂ ಜೀವಂತ. ಅವನ್ನು ವಜಾ ಮಾಡಲು ಸಮಿತಿ ಸೇರಬೇಕು, ಸಮಿತಿಯ ಅಧ್ಯಕ್ಷರು ಹೋದ ವರ್ಷ ನಿವೃತ್ತರಾದರು, ಹೊಸಬರನ್ನು ನೇಮಿಸುವ ಪತ್ರ ಪ್ರಿನ್ಸಿಪಾಲರ ಮೇಜಿನ ಮೇಲಿದೆ. ಈ ವ್ಯವಹಾರದ ಫೈಲನ್ನು ಮಾನ್ಯತಾ ವರದಿಯಲ್ಲಿ ಎಲ್ಲಿ ಸೇರಿಸಬೇಕೆಂಬಲ್ಲಿ ಎರಡು ಪಂಥಗಳಿವೆ. ಯಂತ್ರಗಳು ಯಂತ್ರಗಳೇ, ಆದ್ದರಿಂದ ಸೌಲಭ್ಯಗಳ ಮಾನದಂಡಕ್ಕೆ ಎನ್ನುತ್ತಾರೆ ಹಳಬರು. ಕೆಟ್ಟದ್ದನ್ನು ಹೊರಹಾಕುವುದೇ ಪ್ರಗತಿ, ಆದ್ದರಿಂದ ನಿರಂತರ ಸುಧಾರಣೆಯ ಮಾನದಂಡಕ್ಕೆ ಎನ್ನುತ್ತಾರೆ ಹೊಸಬರು. ಸದ್ಯಕ್ಕೆ ಎರಡೂ ಕಡೆ ಜೆರಾಕ್ಸ್ ಇಡಲಾಗಿದೆ.