ಬೇಸ್‌ಮೆಂಟಿನ ಬ್ರೇಕ್ ರಾಯರು

ಇವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟಾದರೂ ಸರಿ, ಭಾನುವಾರ ಬೆಳಗ್ಗೆ ಬೇಸ್‌ಮೆಂಟಿಗಿಳಿದರೆ ಸಿಗುತ್ತಾರೆ. ಕಾರಿನ ಮುಂದಿನ ಚಕ್ರ ಬಿಚ್ಚಿ ಕಂಬಕ್ಕೆ ಒರಗಿಸಿರುತ್ತಾರೆ. ಚಕ್ರವಿದ್ದ ಜಾಗಕ್ಕೆ ಎದುರಾಗಿ, ಅಡುಗೆಮನೆಯಿಂದ ಹೇಳದೆ ಕೇಳದೆ ತಂದ ಮಣೆಯ ಮೇಲೆ ಕೂತಿರುತ್ತಾರೆ. ಹಣೆಗೆ ಟಾರ್ಚು, ಕೈಗೆ ನೀಲಿ ಗ್ಲೌಸು. ಯಾರಾದರೂ ಹಾದುಹೋದರೆ ತಲೆಯೆತ್ತದೆ, "ಪ್ಯಾಡ್ ಚೇಂಜ್ ಮಾಡ್ತಿದೀನಿ" ಅನ್ನುತ್ತಾರೆ. ಯಾರೂ ಕೇಳಿರುವುದಿಲ್ಲ.

ರಾಯರು ಅಂತಲೇ ಕರೆಯೋಣ. ವಾರದ ಐದು ದಿನ ವೈಟ್‌ಫೀಲ್ಡ್ ಕಡೆ ದೊಡ್ಡ ಹುದ್ದೆ. ಮನೆಯಲ್ಲಿ ಟ್ಯೂಬ್‌ಲೈಟ್ ಹೋದರೆ ಎಲೆಕ್ಟ್ರಿಷಿಯನ್ನಿಗೆ ಫೋನು, ನಲ್ಲಿ ತೊಟ್ಟಿಕ್ಕಿದರೆ ಪ್ಲಂಬರಿಗೆ ಫೋನು, ಕ್ಯಾಲೆಂಡರಿಗೊಂದು ಮೊಳೆ ಹೊಡೆಯಬೇಕಾದರೂ ಹೊರಗಿನವನೇ ಬರಬೇಕು. ಬ್ರೇಕ್ ಪ್ಯಾಡ್ ಮಾತ್ರ ಸ್ವಹಸ್ತದಿಂದಲೇ ಆಗಬೇಕು.

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ಭಾರತಕ್ಕೆ ಬಂದ 230 ಅಶ್ವಶಕ್ತಿಯ ಅವತಾರ. ಗೊತ್ತಿಲ್ಲದವರ ಕಣ್ಣಿಗೆ ಅದು ಯಾರೋ ಸಂಸಾರಸ್ಥರ ಕಾರು. ರಾಯರ ಕೊರಗೂ ಅದೇ, ಹೆಮ್ಮೆಯೂ ಅದೇ. ಬಾನೆಟ್ ಎತ್ತಿದರೆ ದೊಡ್ಡದೊಂದು ಪ್ಲಾಸ್ಟಿಕ್ ಮುಚ್ಚಳ, ಅದನ್ನು ತೆಗೆದರೆ ವೈರು, ಸೆನ್ಸರು. ಕಾರ್ಬುರೇಟರ್ ಕಾಲದಲ್ಲಿ ಸ್ಕ್ರೂ ಒಂಚೂರು ತಿರುಗಿಸಿ, ಕಿವಿಗೊಟ್ಟು ಕೇಳಿ, ತಲೆದೂಗುವ ಸುಖವಿತ್ತು. ಈಗ ಇಂಜಿನ್ನು ಲ್ಯಾಪ್‌ಟಾಪಿನ ಮಾತನ್ನಷ್ಟೇ ಕೇಳುತ್ತದೆ. ಬೋಲ್ಟು ಬಿಚ್ಚಿದರೆ ಬಿಚ್ಚಿಕೊಳ್ಳುವ, ಹಾಕಿದರೆ ಕೂತುಕೊಳ್ಳುವ ಹಳೇ ಜಾತಿಯ ಯಂತ್ರವಾಗಿ ಉಳಿದಿರುವುದು ಬ್ರೇಕು. ಪಾಪ, ಮೆಕ್ಯಾನಿಕಲ್ ಓದಿ ಕಂಪ್ಯೂಟರ್ ಮುಂದೆ ಕೂತವರಿಗೆ ಕೈ ಮಸಿ ಮಾಡಿಕೊಳ್ಳಲು ಬೇರೆ ಏನಿದೆ?

ಇದನ್ನು ಅವರು ಒಪ್ಪುವುದಿಲ್ಲ. ಅವರ ಪ್ರಕಾರ ಇದೆಲ್ಲ ಉಳಿತಾಯ. ಗ್ಯಾರೇಜಿನವನ ಕೂಲಿ ಉಳಿಸಲೆಂದು ಈವರೆಗೆ ಕೊಂಡಿರುವುದು ಹೈಡ್ರಾಲಿಕ್ ಜಾಕು, ಎರಡು ಆಕ್ಸಲ್ ಸ್ಟ್ಯಾಂಡು, ಪಿಸ್ಟನ್ ತಳ್ಳುವ ಸಾಧನ, ಟಾರ್ಕ್ ವ್ರೆಂಚು, ಬ್ರೇಕ್ ಕ್ಲೀನರಿನ ಡಬ್ಬಗಳು. ಆಮೇಲೆ ಆ 7 ಎಂಎಂ ಅಲನ್ ಕೀ.

ಅದರ ಕಥೆ ಕೇಳದೆ ಬೇಸ್‌ಮೆಂಟಿನಿಂದ ಮೇಲೆ ಹೋಗಲು ಬಿಡುವುದಿಲ್ಲ. ಈ ಕಾರಿನ ಮುಂದಿನ ಕ್ಯಾಲಿಪರನ್ನು ಹಿಡಿದಿರುವ ಗೈಡ್ ಪಿನ್ನಿಗೆ 7 ಎಂಎಂ ಕೀ ಬೇಕು. ಮನೆಯಲ್ಲಿರುವ ಸೆಟ್ಟಿನಲ್ಲಿ 6 ಇರುತ್ತದೆ, 8 ಇರುತ್ತದೆ, ನಡುವಿನದು ಇರುವುದಿಲ್ಲ. 6 ಹಾಕಿದರೆ ಗಿರಗಿರ ಸುತ್ತುತ್ತದೆ, 8 ಒಳಗೇ ಹೋಗುವುದಿಲ್ಲ. ಚಕ್ರ ಬಿಚ್ಚಿದ ಮೇಲೆ ತಾನೇ ಇದು ಗೊತ್ತಾಗುವುದು? ಬಿಚ್ಚಿದ ಕಾರನ್ನು ಅಲ್ಲೇ ಬಿಟ್ಟು ಆಟೋ ಹತ್ತಿ ಜೆ.ಸಿ. ರಸ್ತೆಗೆ ಓಡಿದರೆ ಭಾನುವಾರ ಅರ್ಧ ಅಂಗಡಿಗೆ ಬಾಗಿಲು. ತೆರೆದಿದ್ದ ಅಂಗಡಿಯವನು, "ಏಳು ಯಾರೂ ಕೇಳಲ್ಲ ಸಾರ್, ಎಂಟು ತಗೊಂಡೋಗಿ" ಎಂದನಂತೆ. ಈ ಮಾತನ್ನು ರಾಯರು ಇಂದಿಗೂ ನೊಂದುಕೊಂಡೇ ಹೇಳುತ್ತಾರೆ.

ಕೆಲಸದ ವಿಷಯಕ್ಕೆ ಬಂದರೆ ತಮಾಷೆ ಮಾಡುವಂತಿಲ್ಲ. ಜಾಕಿನ ಮೇಲೆ ನಿಂತ ಕಾರನ್ನು ಅವರು ನಂಬುವುದಿಲ್ಲ. ಸ್ಟ್ಯಾಂಡ್ ಕೊಟ್ಟು, ಒಮ್ಮೆ ಅಲುಗಾಡಿಸಿ ನೋಡಿಯೇ ಕೈ ಹಾಕುವುದು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನಿಂದ ಜೋತುಬಿಡುವ ಅವಸರದ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಯರು ಅದನ್ನು ಬಟ್ಟೆ ಹ್ಯಾಂಗರಿನ ತಂತಿಯಿಂದ ಸ್ಪ್ರಿಂಗಿಗೆ ಕಟ್ಟುತ್ತಾರೆ, ಹೋಸಿಗೆ ಒಂದು ಗ್ರಾಂ ಭಾರ ಬೀಳದಂತೆ. ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗವಾಗಲು ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ತಳ್ಳಿದಾಗ ಬ್ರೇಕ್ ಆಯಿಲ್ ಹಿಂದಕ್ಕೆ ಹೋಗಿ ಮೇಲಿನ ಡಬ್ಬಿಯಲ್ಲಿ ಉಕ್ಕುತ್ತದೆ. ಒಂದು ಹನಿ ಬಣ್ಣದ ಮೇಲೆ ಬಿದ್ದರೂ ಬಣ್ಣ ಎದ್ದುಬರುತ್ತದೆ. ಅದಕ್ಕೇ ಮೊದಲೇ ಮಗುವಿನ ಜ್ವರದ ಔಷಧಿಯ ಸಿರಿಂಜಿನಿಂದ ಸ್ವಲ್ಪ ಎಳೆದಿಟ್ಟಿರುತ್ತಾರೆ. ಆಯಿಲ್ ವಿಷ, ಆ ಸಿರಿಂಜು ಮತ್ತೆ ಮನೆಯೊಳಗೆ ಹೋಗುವಂತಿಲ್ಲ. ಜ್ವರ ಬಂದ ರಾತ್ರಿ ಅದಕ್ಕಾಗಿ ಮನೆಯೆಲ್ಲ ತಡಕಾಡುವವರು ಅವರ ಹೆಂಡತಿ.

ಆಯಿಲಿನ ಬಗ್ಗೆ ಮಾತು ತೆಗೆದರೆ ಮುಗಿಯಿತು. ಡಾಟ್ 4 ಹೊಸದಾಗಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಭರಣಿಯ ಉಪ್ಪಿನ ಹಾಗೆ ಅದು ಗಾಳಿಯ ತೇವ ಕುಡಿಯುತ್ತದೆ, ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ನೆಲಕ್ಕೆ. ಇಷ್ಟು ಹೇಳಿ ರಾಯರು ಎದುರಿದ್ದವರ ಮುಖ ನೋಡುತ್ತಾರೆ. ಎದುರಿದ್ದವರು ಹಾಲಿನ ಪಾಕೆಟ್ಟು ತರಲು ಹೊರಟವರು.

ಮೊದಲನೇ ಮಹಡಿಯ ನಿವೃತ್ತ ಅಂಕಲ್ ಮಾತ್ರ ನಿಂತು ಕೇಳುತ್ತಾರೆ, ಬಗ್ಗುವುದಿಲ್ಲ. "ನಮ್ಮ ಅಂಬಾಸಿಡರ್‌ಗೆ ನಾಲ್ಕೂ ಡ್ರಮ್ಮೇ ಕಣಯ್ಯ. ಆಗುಂಬೆ ಘಾಟಿ, ಹದಿನಾಲ್ಕು ತಿರುವು, ಸೆಕೆಂಡ್ ಗೇರಲ್ಲಿ ಇಳಿಸ್ತಿದ್ದೆ. ಬ್ರೇಕು ಅನ್ನೋದು ಗೇರು ಗೊತ್ತಿಲ್ದೋರಿಗೆ."

ರಾಯಚೂರು ಕಡೆಯ ವಾಚ್‌ಮನ್ನನದು ಇನ್ನೂ ಮೂಲಭೂತ ಪ್ರಶ್ನೆ. "ಸಾಹೇಬ್ರ, ಗಾಡಿ ನಿಲ್ಲಾಂಗಿಲ್ಲೇನ್ರಿ?"

"ನಿಲ್ಲುತ್ತೆ. ಇನ್ನೂ ಚೆನ್ನಾಗಿ ನಿಲ್ಬೇಕು."

"ನಿಂತದ್ದು ನಿಂತಂಗ ಅಲ್ರಿ, ಅದ್ರಾಗ ಛಲೋ ನಿಲ್ಲೂದಂದ್ರ ಹೆಂಗ್ರಿ?"

ಇದಕ್ಕೆ ಉತ್ತರ ರೇಸ್ ಟ್ರ್ಯಾಕಿನಲ್ಲಿದೆ. ರಾಯರು ತರಿಸಿರುವ ಪ್ಯಾಡು ಬಿಸಿಯೇರಿದ ಮೇಲೆ ಕಚ್ಚುವಂಥದ್ದು. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಪಕ್ಕದ ಇರುಂಗಾಟುಕೋಟೈಗೋ ಹೋಗಿ, ನೇರ ರಸ್ತೆಯ ಕೊನೆಯಲ್ಲಿ ಕಾಲಿಟ್ಟಾಗ ಅದರ ಬೆಲೆ ತಿಳಿಯುವುದು. ಪ್ರತಿವರ್ಷ ಹೋಗುವ ಯೋಜನೆ ಇರುತ್ತದೆ, ಪ್ರತಿವರ್ಷ ಆಫೀಸಿನಲ್ಲಿ ಏನೋ ಒಂದು ಬರುತ್ತದೆ. ಅಲ್ಲಿಯವರೆಗೆ ಅದು ಹೊರವರ್ತುಲ ರಸ್ತೆಯಲ್ಲಿ, ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ, ತಣ್ಣಗೆ ಕೆಲಸ ಮಾಡುತ್ತದೆ. ತಣ್ಣಗಿರುವಾಗ ಅದು ಕಿರುಚುತ್ತದೆ. ಸ್ಟಾಪಿನಲ್ಲಿ ಕೂತವರು ಬಿಎಂಟಿಸಿ ಬಂತೆಂದು ಎದ್ದು ನಿಲ್ಲುತ್ತಾರೆ. ನಿಂತೇ ಇರುವ ಊರಿನಲ್ಲಿ ನಿಲ್ಲಿಸುವ ಶಕ್ತಿಗೆ ಇಷ್ಟು ದುಡ್ಡು ಸುರಿಯುವವರು ಬೇರೆಲ್ಲಿ ಸಿಕ್ಕಾರು?

ಹಾಕಿದ ಮೇಲೆ ಪಳಗಿಸುವುದು ಬೇರೆ ಇದೆ. ವೇಗವಾಗಿ ಹೋಗಿ ಗಟ್ಟಿ ಬ್ರೇಕ್ ಒತ್ತಬೇಕು, ಪೂರ್ತಿ ನಿಲ್ಲಬಾರದು, ಮತ್ತೆ ವೇಗ, ಮತ್ತೆ ಬ್ರೇಕು. ಹೀಗೆ ಹಲವು ಸಲ ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ನಿಲ್ಲದೆ ಓಡಿಸುವುದು ಬೆಂಗಳೂರಿನಲ್ಲಿ ಎಲ್ಲಿ? ಹಾಗಾಗಿ ಮುಂದಿನ ಭಾನುವಾರ ನಸುಕಿನಲ್ಲೇ ಎದ್ದು, ಟೋಲ್ ಕಟ್ಟಿ, ನೈಸ್ ರಸ್ತೆಗೆ ಹೋಗಬೇಕು.

ಇವತ್ತಿಗೆ ಚಕ್ರ ಹಾಕಿ, ಒಂದೊಂದು ಬೋಲ್ಟಿಗೂ 120 ನ್ಯೂಟನ್ ಮೀಟರ್. ವ್ರೆಂಚು 'ಟಕ್' ಎಂದಾಗ ರಾಯರ ಮುಖದಲ್ಲಿ ಮೂಡುವ ತೃಪ್ತಿ ಅವರ ಸಂಬಳ ಏರಿದ ದಿನವೂ ಮೂಡಿರಲಿಕ್ಕಿಲ್ಲ. ಆಮೇಲೆ ಒಳಗೆ ಕೂತು, ಪಿಸ್ಟನ್ನು ಪ್ಯಾಡಿಗೆ ತಾಗಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡುತ್ತಾರೆ. ಇದನ್ನು ಮರೆತು ಕಾರು ತೆಗೆದರೆ ಮೊದಲ ಬ್ರೇಕಿಗೆ ಎದುರಿನ ಗೋಡೆಯೇ ಗತಿ.

ಹೆಂಡತಿ ಕೆಳಗಿಳಿದು ಬಂದದ್ದು ಆಗ. "ರೀ, ನನ್ನ ಕಾರಿನ ಬ್ರೇಕೂ ಕಿರ್ರೋ ಅಂತಿದೆ ಅಂತ ಹೇಳಿ ಎಷ್ಟು ದಿನ ಆಯ್ತು. ಹೇಗೂ ಕೈ ಕೊಳೆಯಾಗಿದೆ, ಅದನ್ನೂ ನೋಡ್ಬಿಡಿ."

ರಾಯರು ಗ್ಲೌಸು ಕಳಚಿದರು. "ಅದಕ್ಕೆ ನಾನ್ಯಾಕೆ? ಮೂಲೆ ಗ್ಯಾರೇಜಿನ ಹುಡುಗನಿಗೆ ಕೊಡು. ಅರ್ಧ ಗಂಟೆ ಕೆಲಸ."

"ಅರ್ಧ ಗಂಟೇನಾ? ನೀವು ಆರು ಗಂಟೆಗೆ ಇಳಿದೋರು, ಈಗ ಊಟದ ಹೊತ್ತು."

"ಇದು ಆರ್‌ಎಸ್ ಕಣೇ," ಎಂದರು ರಾಯರು, ಮಣೆಯನ್ನು ಕಾಲಿನಿಂದ ಮೆಲ್ಲಗೆ ಕಾರಿನಡಿಗೆ ಸರಿಸುತ್ತ.